ಕುರಿ ಡಾಕ್ಟರ ತರಬೇತಿ

ಜೂನ್ 9, ಸೋಮವಾರ

ಹತ್ತೊಂಬತ್ತು ವರ್ಷದಿಂದ ಜಗಳೂರಿನ ಹೈಸ್ಕೂಲಿನಲ್ಲಿ ಖೋ-ಖೋ ಹುಡುಗಿಯರ ತರಬೇತಿ ಡೈರಿ ಬರೆಯುತ್ತ ಬಂದವಳು ನಾನು. ಯಾರು ಎಷ್ಟು ಸುತ್ತು ಓಡಿದರು, ಯಾರು ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು, ಎಲ್ಲ ಅದರಲ್ಲಿರುತ್ತದೆ. ಇವತ್ತು ಮನೆಯವರ ಹೆಸರಿನಲ್ಲಿ ಒಂದು ಹೊಸ ನೋಟ್‌ಬುಕ್ ತೆರೆದಿದ್ದೇನೆ. ಇದನ್ನು ಯಾರಿಗೂ ತೋರಿಸುವುದಿಲ್ಲ.

ವಿಷಯ ಇಷ್ಟೆ. ನಮ್ಮ ಮನೆಯವರು ಓಬಳೇಶ್ ಪಶು ಆಸ್ಪತ್ರೆಯಲ್ಲಿ ಡಾಕ್ಟರ ಕೈಕೆಳಗಿನ ಪರೀಕ್ಷಕರು. ಇಪ್ಪತ್ಮೂರು ವರ್ಷ ಬೈಕಿನಲ್ಲಿ ಹಟ್ಟಿ ಹಟ್ಟಿ ತಿರುಗಿ ಕುರಿಗಳಿಗೆ ಲಸಿಕೆ ಹಾಕಿದವರು. ಸುತ್ತಿನ ಹಳ್ಳಿಗಳಲ್ಲಿ 'ಕುರಿ ಡಾಕ್ಟ್ರು' ಅಂದರೆ ಇವರೇ. ಐವತ್ತು ದಾಟಿತು, ಬಿಸಿಲಲ್ಲಿ ಕರಕಲಾಗಿದ್ದು ಸಾಕು ಅಂತ ಜನವರಿಯಲ್ಲಿ ನಾನೇ ಅವರ ಸಾಹೇಬರ ಮುಂದೆ ಕೂತು, ಹಟ ಹಿಡಿದು, ಕಚೇರಿ ಕೆಲಸ ಹಾಕಿಸಿದೆ. ಈಗ ಫ್ಯಾನಿನ ಕೆಳಗೆ ಕುರ್ಚಿ. ಕುರಿಗಳ ಕಿವಿಗೆ ಹಾಕಿದ ಬಿಲ್ಲೆಯ ನಂಬರನ್ನು ಕಂಪ್ಯೂಟರಿಗೆ ಏರಿಸುವುದಷ್ಟೇ ಕೆಲಸ. ಬೇರೆಯವರಾಗಿದ್ದರೆ ಇಂಥ ಹೆಂಡತಿಗೆ ಕೈಮುಗಿಯುತ್ತಿದ್ದರು. ಇವರು ಮಾರ್ಚ್‌ನಿಂದ ಮಾತು ಬಿಟ್ಟಿದ್ದಾರೆ. ಕಚೇರಿಯಿಂದ ಬಂದವರೇ ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಹೋದ ವಾರದಿಂದ ರಜೆ ಹಾಕಿ ಹಗಲೂ ಅದೇ ಕೆಲಸ. ಏನಾಗಿದೆ ಅಂದರೆ "ಏನಿಲ್ಲ". ಆ "ಏನಿಲ್ಲ" ಕೇಳಿ ಕೇಳಿ ನನ್ನ ತಲೆ ಕೆಟ್ಟಿದೆ.

ನನ್ನ ಪ್ರಕಾರ ಇದು ಮೈಗೆ ಹಿಡಿದ ಜಡ. ಜಡಕ್ಕೆ ಮದ್ದು ಗೊತ್ತಿದೆ. ಐದಕ್ಕೆ ಏಳುವುದು, ಶಾಲೆಯ ಮೈದಾನದಲ್ಲಿ ನಾಲ್ಕು ಸುತ್ತು, ಮೊಳಕೆ ಹೆಸರುಕಾಳು, ರಾಗಿ ಅಂಬಲಿ, ಮೊಬೈಲ್ ಬಂದ್, ಒಂಬತ್ತೂವರೆಗೆ ದೀಪ ಆರಿಸುವುದು. ದಿನಕ್ಕೆ ಹತ್ತು ಅಂಕ. ಆರು ವಾರದಲ್ಲಿ ಜಿಲ್ಲಾ ಮಟ್ಟಕ್ಕೆ ತಂಡ ಕಟ್ಟಿದವಳು ನಾನು. ಒಬ್ಬ ಗಂಡನನ್ನು ಎಬ್ಬಿಸಲಾರೆನೇ?

ಜೂನ್ 11, ಬುಧವಾರ

ನಡಿಗೆ: ಎರಡು ಸುತ್ತು. ಊಟ: ಅರ್ಧ. ನಿದ್ದೆ: ಕೇಳಿದರೆ ಹೇಳುವುದಿಲ್ಲ. ಅಂಕ: 4.

ಮಂಚದ ಪಕ್ಕ ನಿಂತು ಪೀಪಿ ಊದಿದೆ. ಪಕ್ಕದ ಮನೆ ಅಜ್ಜಮ್ಮ ಗಾಬರಿಯಾಗಿ ಕಿಟಕಿಯಿಂದ ಇಣುಕಿ "ಏನಾತ್ರೀ ಟೀಚರಮ್ಮ, ಕಳ್ಳರಾ?" ಅಂದಳು. ಇವರು ಎದ್ದು, ತುಟಿ ಪಿಟಕ್ಕೆನ್ನದೆ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಜಗಳವಾಡಿದ್ದರೂ ಅರ್ಧ ಅಂಕ ಜಾಸ್ತಿ ಕೊಡುತ್ತಿದ್ದೆ.

ಜೂನ್ 15, ಭಾನುವಾರ

ನಡಿಗೆ: ಎರಡು ಸುತ್ತು. ಊಟ: ಒಂದು ರೊಟ್ಟಿ. ಅಂಕ: 3.

ದಾವಣಗೆರೆಯ ಹಾಸ್ಟೆಲಿನಿಂದ ಮಗಳು ರಕ್ಷಾ ಫೋನ್ ಮಾಡಿದಳು. ಮೊದಲೆಲ್ಲ ಅಪ್ಪ-ಮಗಳದ್ದು ಮುಗಿಯದ ಪುರಾಣ. ಇವತ್ತು "ಹ್ಞೂಂ, ಆರಾಮದೀನಿ. ಅಮ್ಮಂಗೆ ಕೊಡ್ತೀನಿ" ಅಂತ ಫೋನು ನನ್ನ ಕೈಗಿಟ್ಟರು. ಅಪ್ಪನಿಗೆ ಏನಾಗೈತೆ ಅಂತ ಅವಳು ಕೇಳಿದಳು. ಗ್ಯಾಸ್ಟ್ರಿಕ್ ಅಂದೆ. ಪರೀಕ್ಷೆ ಇರುವ ಹುಡುಗಿಗೆ ಇನ್ನೇನು ಹೇಳಲಿ?

ಮೊಳಕೆ ಕಟ್ಟುವುದು, ಅಂಬಲಿ ಕಾಯಿಸುವುದು, ಬುತ್ತಿ, ಶಾಲೆ, ಮತ್ತೆ ಸಂಜೆ ಮೈದಾನ. ನನಗೂ ನಾಲ್ಕೇ ತಾಸು ನಿದ್ದೆ ಆಗುತ್ತಿದೆ. ನನಗೆ ಅಷ್ಟು ಸಾಕು. ನಾನು ಗಟ್ಟಿ ಆಳು.

ಜೂನ್ 20, ಶುಕ್ರವಾರ

ನಡಿಗೆ: ಒಂದೂವರೆ ಸುತ್ತು. ಅಂಕ: 3.

ಸಂಜೆ ಮೈದಾನಕ್ಕೆ ಆರು ಜನ ಹೆಂಗಸರು ನಡೆಯಲು ಬರುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ನಾನೇ ಶುರು ಮಾಡಿಸಿದ್ದು. ಎರಡು ಸುತ್ತು ನಡೆದರೆ ನಾಲ್ಕು ಸುತ್ತಿನ ಮಾತು. ಸೊಸೆ, ನಾದಿನಿ, ಮೊಣಕಾಲು, ಮೆಕ್ಕೆಜೋಳದ ಹುಳ, ಯಾವುದನ್ನೂ ಬಿಡುವುದಿಲ್ಲ. ಬಾಯಿ ಮುಚ್ಚಿ ನಡೀರಿ, ಉಸಿರು ಸರಿಯಾಗ್ತದೆ ಅಂತ ಇವತ್ತು ರೇಗಿದೆ. ಅದಕ್ಕೆ ಶಿವಗಂಗಮ್ಮ ಸೊಂಟದ ಮೇಲೆ ಕೈ ಇಟ್ಟು ನಿಂತು, "ಟೀಚರ್, ಸಕ್ಕರೆ ಇಳಿಸಾಕೆ ಕಾಲು ಬರ್ತಾವೆ. ನಾವು ಬರೋದು ಮಾತಾಡಾಕೆ. ಮನ್ಯಾಗೆ ಯಾರು ಕೇಳ್ತಾರ್ರೀ ನಮ್ಮ ಮಾತು?" ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಹೋಗುವಾಗ ಅವಳೇ "ಡಾಕ್ಟ್ರು ಕಾಣವಲ್ರು, ಹುಷಾರದಾರಾ?" ಅಂತ ಕೇಳಿದಳು. ಗ್ಯಾಸ್ಟ್ರಿಕ್ ಅಂದೆ.

ಜೂನ್ 28, ಶನಿವಾರ

ಅಂಕ: 0.

ಏಳಲೇ ಇಲ್ಲ. ಬೈದೆ. ನಿಮಗೇನು ಕಡಿಮೆ ಮಾಡಿದ್ದೇನೆ ಅಂತ ಕೂಗಾಡಿದೆ. ಅಂಬಲಿಯ ಲೋಟವನ್ನು ಗೋಡೆಯ ಬುಡಕ್ಕೆ ಕುಕ್ಕಿದೆ. ಇವರು ಎದ್ದು, ಬಟ್ಟೆ ತಂದು, ಚೆಲ್ಲಿದ್ದನ್ನು ಒರೆಸಿ, ಮತ್ತೆ ಮಲಗಿದರು.

ಜುಲೈ 3, ಗುರುವಾರ

ಬೀರಲಿಂಗಪ್ಪ ಬಂದಿದ್ದ. ಕೆರೆಯ ಆಚೆ ಹಟ್ಟಿಯವನು, ನೂರಿಪ್ಪತ್ತು ಕುರಿ ಕಾಯುವವನು. ಇವರ ಇಪ್ಪತ್ತು ವರ್ಷದ ಗೆಳೆಯ. ಕಂಬಳಿ ಹೆಗಲಿಗೆ ಹಾಕಿ ಕಟ್ಟೆಯ ಮೇಲೆ ಕೂತು "ಡಾಕ್ಟ್ರೇ, ಈಚೆ ಬರ್ರಿ" ಅಂತ ಕರೆದ. ಇವರು ಒಳಗಿದ್ದೂ ಇಲ್ಲ ಅನ್ನು ಅಂತ ನನಗೆ ಕೈಸನ್ನೆ ಮಾಡಿದರು. ಇವರ ಚಪ್ಪಲಿ ಬಾಗಿಲಲ್ಲೇ ಇತ್ತು, ಅವನಿಗೆ ಕಾಣದೇ ಇರುತ್ತದೆಯೇ!

ಅವನು ಸಿಟ್ಟಾಗಲಿಲ್ಲ. "ಅಕ್ಕಾರೆ, ಈಗ ಬರೋ ಹುಡುಗ ಸೂಜಿ ಚುಚ್ಚಿ ಹೋಕ್ಕಾನೆ. ನಮ್ಮ ಡಾಕ್ಟ್ರು ಹಟ್ಟಿಗೆ ಬಂದ್ರೆ ಮೊದಲು ಮಂದಿ ಮಾರಿ ನೋಡೋರು. ಬೀರ, ಯಾಕೋ ನಿನ್ನೆ ನಿದ್ದೆ ಮಾಡಿಲ್ಲ ಅನ್ನೋರು. ಆಮ್ಯಾಲೆ ಕುರಿ" ಅಂದ. ಕಂಬಳಿ ಸರಿಮಾಡಿಕೊಂಡು, "ಈಗ ಅವರ ಮಾರಿ ಯಾರು ನೋಡ್ತಾರೆ?" ಅಂತ ಕೇಳಿ ಎದ್ದು ಹೋದ. ನಾನಿಲ್ಲವೇ, ನಾನು ನೋಡುತ್ತಿಲ್ಲವೇ ಅಂತ ಬಾಯಿಗೆ ಬಂದಿತ್ತು.

ಜುಲೈ 6, ಭಾನುವಾರ

ಇವತ್ತಿನಿಂದ ಅಂಕ ಇಲ್ಲ.

ಬೆಳಿಗ್ಗೆ ಮೈದಾನದಲ್ಲಿ ಎರಡನೇ ಸುತ್ತಿಗೆ ಇವರು ನಿಂತುಬಿಟ್ಟರು. ನಾನು ಮುಂದೆ ಹೋದವಳು ತಿರುಗಿ, ಪೀಪಿ ಬಾಯಿಗಿಟ್ಟು, ಹೂಂ ಬರ್ರಿ ಅಂತ ಕೈ ಬೀಸಿದೆ. ಬರಲಿಲ್ಲ. ಹತ್ತಿರ ಹೋದೆ. ನನ್ನ ಮುಖ ನೋಡದೆ ಹೇಳಿದರು: "ಉಷಾ, ನಾನ್ ಇಲ್ದಿದ್ರೆ ನಿಂಗೂ ಆರಾಮ್ ಅನ್ನಿಸ್ತೈತೆ. ನಾಳೆ ಅನ್ನೋದು ಯಾಕಾದ್ರೂ ಬರ್ತೈತೋ ಅನ್ನಿಸ್ತೈತೆ. ಭಾಳ ದಿನ ಆತು."

ಮೈದಾನದ ಮಣ್ಣಿನಲ್ಲೇ ಕೂತೆ. ಅವರೂ ಕೂತರು. ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಬರ್ತೈತೆ ಅಂದರು. ಅವರ ಕೈ ಹಿಡಿದುಕೊಂಡೆ. ಮದುವೆಯಾದ ಮೇಲೆ ನಾಲ್ಕು ಜನ ನೋಡುವ ಜಾಗದಲ್ಲಿ ಕೈ ಹಿಡಿದಿದ್ದು ಇದೇ ಮೊದಲು. ಬಿಸಿಲು ಏರುವವರೆಗೂ ಬಿಡಲಿಲ್ಲ.

ನಾನು ಇದನ್ನು ಸೋಮಾರಿತನ ಅಂದಿದ್ದೆ. ಅಂಕ ಹಾಕಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಜುಲೈ 7, ಸೋಮವಾರ

ಮನೆಯಲ್ಲಿದ್ದ ಹೊಲದ ಔಷಧಿ, ಕುರಿ ಔಷಧಿ ಎಲ್ಲ ಶಾಲೆಯ ಆಟದ ಸಾಮಾನಿನ ಕೋಣೆಗೆ ಸಾಗಿಸಿ ಬೀಗ ಹಾಕಿದೆ.

ಇಲ್ಲಿನ ಆಸ್ಪತ್ರೆಗೂ ಮಂಗಳವಾರ ಮನಸ್ಸಿನ ಡಾಕ್ಟರು ಬರುತ್ತಾರೆ. ಆದರೆ ಆ ಸಾಲು ಇರುವುದು ಗೇಟಿನ ಎದುರಿಗೇ. ಅಲ್ಲಿ ಕೂತರೆ ಮಧ್ಯಾಹ್ನದೊಳಗೆ ಜಗಳೂರಿಗೆಲ್ಲ ಸುದ್ದಿ. ಪಿ.ಟಿ. ಮೇಡಂ ಗಂಡಂಗೆ ತಲೆ ಕೆಟ್ಟೈತಂತೆ! ಆ ಮಾತು ನನ್ನಿಂದ ಕೇಳಲಾಗುವುದಿಲ್ಲ. ತಂಗಿ ಅರುಣಾ ಸವಳಂಗದಲ್ಲಿದ್ದಾಳೆ. ಅವಳ ಊರಿಗೆ ಹೋಗುವ ದಾರಿಯಲ್ಲಿ ಹೊನ್ನಾಳಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರಂತೆ. ಅಲ್ಲಿ ನಮ್ಮ ಮುಖ ಯಾರಿಗೆ ಗೊತ್ತು? ನಾಡಿದ್ದು ಹೋಗುವುದು. ಇವರು ಬೇಡ ಅನ್ನಲಿಲ್ಲ. ಅಷ್ಟೇ ಸಾಕು. ಅಲ್ಲಿಯವರೆಗೆ ರಜೆ ಹಾಕಿ ಪಕ್ಕದಲ್ಲೇ ಇರುತ್ತೇನೆ.

ಜುಲೈ 9, ಬುಧವಾರ, ಸವಳಂಗ

ಮೊದಲ ಬಸ್ಸಿಗೆ ದಾವಣಗೆರೆ, ಅಲ್ಲಿಂದ ಹೊನ್ನಾಳಿ. ದಾರಿಯುದ್ದಕ್ಕೂ ಇವರು ಕಿಟಕಿ ನೋಡುತ್ತ ಕೂತಿದ್ದರು. ಹೊನ್ನಾಳಿ ಸೇತುವೆಯ ಕೆಳಗೆ ತುಂಗಭದ್ರೆ ತುಂಬಿ ಹೋಗುತ್ತಿದ್ದಳು. ನಾನು ಇವರ ತೋಳು ಗಟ್ಟಿಯಾಗಿ ಹಿಡಿದೆ. "ಬಸ್ಸಿನ್ಯಾಗೆ ಇದೀವಿ ಉಷಾ" ಅಂದರು. ಮೆತ್ತಗೆ ಅಂದರು, ನನ್ನ ಭಯ ಅವರಿಗೆ ಗೊತ್ತಾಗಿತ್ತು.

ಕ್ಲಿನಿಕ್ಕಿನ ಬೆಂಚಿನ ಮೇಲೆ ನಾನು ಸೆರಗು ತಲೆ ಮೇಲೆ ಎಳೆದುಕೊಂಡು ಕೂತೆ. ಎದುರು ಬೆಂಚಿನಲ್ಲಿ ಒಬ್ಬರು ಮಂಕಿ ಕ್ಯಾಪ್ ಹಾಕಿ, ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು. ಜುಲೈಯಲ್ಲಿ ಮಂಕಿ ಕ್ಯಾಪ್! ಪೇಪರು ತಿರುಗಿಸುವಾಗ ಕಣ್ಣಿಗೆ ಕಣ್ಣು ಕೂಡಿತು. ಅಯ್ಯೋ ಶಿವನೇ, ನಮ್ಮ ಶಾಲೆಯ ಹೆಡ್‌ಮಾಸ್ಟರು ಕೊಟ್ರಬಸಪ್ಪನವರು! ಜಗಳೂರಿನ ಕಣ್ಣು ತಪ್ಪಿಸಲು ಎರಡು ಬಸ್ಸು ಬದಲಿಸಿ ಬಂದರೆ ಜಗಳೂರೇ ಎದುರಿಗೆ ಕೂತಿದೆ.

"ಏನ್ ಮೇಡಂ, ಇಲ್ಲಿ?" ಅಂದರು.

"ಹಲ್ಲುನೋವು ಸಾರ್" ಅಂದೆ.

"ಹೌದಾ? ನಂದೂ ಹಲ್ಲೇ" ಅಂತ ದವಡೆ ಹಿಡಿದುಕೊಂಡರು.

ಆಗ ಇವರು ಬಾಯಿ ಬಿಟ್ಟರು. "ಇಲ್ಲಿ ಹಲ್ಲಿನ ಡಾಕ್ಟ್ರು ಇಲ್ರೀ ಸಾರ್. ನಂಗೆ ಮನಸ್ಸಿಗೆ ಹುಷಾರಿಲ್ಲ. ಅದಕ್ಕೆ ಬಂದೀವಿ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕೊಟ್ರಬಸಪ್ಪನವರು ಪೇಪರು ಮಡಿಚಿ, ಕ್ಯಾಪು ತೆಗೆದು ಇವರ ಪಕ್ಕಕ್ಕೆ ಬಂದು ಕೂತರು. "ನಂಗೂ ಅದೇ ರೀ. ಎರಡು ವರ್ಷ ಆತು ಗುಳಿಗೆ ತಗಳ್ಳಾಕೆ ಹತ್ತಿ. ಮನ್ಯಾಗೆ ಮೀಟಿಂಗ್ ಅಂತ ಹೇಳಿ ಬರ್ತೀನಿ" ಅಂದರು. ಹೆಸರು ಕರೆಯುವವರೆಗೂ ಇಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡೇ ಕೂತಿದ್ದರು.

ಡಾಕ್ಟರಮ್ಮ ಸುನೀತಾ, ಚನ್ನಗಿರಿ ಕಡೆಯವರು, ನಮ್ಮ ರಕ್ಷಾಳ ಅಕ್ಕನಂತೆ ಕಾಣುತ್ತಾರೆ. ಅವರು ಇವರನ್ನು ಏನು ಕೇಳಿದರೂ ಉತ್ತರ ನನ್ನ ಬಾಯಿಂದ ಬರುತ್ತಿತ್ತು. ಮೂರು ಸಲ ನೋಡಿ, "ಮೇಡಂ, ಅವರೇ ಹೇಳಲಿ" ಅಂದರು. ಯಾರೂ ಮಾತಾಡದ ಆ ಒಂದು ನಿಮಿಷ ನನಗೆ ಪೂರಾ ಪಿರಿಯಡ್ಡಿನಷ್ಟು ಉದ್ದವಾಯಿತು. ಕೊನೆಗೆ ಇವರು ಶುರು ಮಾಡಿದರು. ಮೂರು ಗಂಟೆಗೆ ಎಚ್ಚರವಾಗುವುದು, ಎದೆಯ ಮೇಲೆ ಭಾರ, ಊಟ ಮಣ್ಣಿನಂತಾಗುವುದು. "ದಿನಾ ಎರಡು ನೂರು ನಂಬರ್ ಬರ್ತಾವ್ರೀ ಮೇಡಂ. ಒಂದು ಕುರಿ ಕಣ್ಣಿಗೆ ಬೀಳಲ್ಲ. ಹಟ್ಟಿಗೆ ಹೋದ್ರೆ ಬಾ ಅನ್ನೋರಿದ್ರು. ನಾನ್ ಯಾರು ಅನ್ನೋದೇ ಮರೆತು ಹೋಗೈತೆ."

ಕುರ್ಚಿ ಹಾಕಿಸಿದವಳು ನಾನು. ತಲೆ ತಗ್ಗಿಸಿದೆ. ನನ್ನಿಂದಲೇ ಹೀಗಾಯಿತಾ ಅಂತ ಕೇಳಿಯೂ ಬಿಟ್ಟೆ. ಡಾಕ್ಟರಮ್ಮ ಒಂದೇ ಕಾರಣ ಹುಡುಕಬೇಡಿ ಅಂದರು. ಇದು ಕಾಯಿಲೆ, ಸೋಮಾರಿತನ ಅಲ್ಲ, ಗುಳಿಗೆ ಕೆಲಸ ಮಾಡಲು ಮೂರು-ನಾಲ್ಕು ವಾರ ಬೇಕು, ಒಬ್ಬರನ್ನೇ ಬಿಡಬೇಡಿ, ಕೆಟ್ಟ ಯೋಚನೆ ಬಂದರೆ ಮುಚ್ಚಿಡದೆ ಹೇಳಬೇಕು, ನೀವು ಗಾಬರಿಯಾಗದೆ ಕೇಳಬೇಕು. ನಡಿಗೆ, ನಿದ್ದೆ, ಊಟ, ಬಿಸಿಲು, ಜನ, ಇವೆಲ್ಲ ಔಷಧಿಯ ಜೊತೆಗೆ ಬೇಕೇ ಬೇಕು. "ಆದ್ರೆ ಅದನ್ನ ಶಿಕ್ಷೆ ಥರ ಮಾಡಬೇಡಿ ಮೇಡಂ" ಅಂದರು. ಪೀಪಿಯ ವಿಷಯ ಇವರು ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಅವರಿಗೆ ಹೇಗೆ ಗೊತ್ತಾಯಿತೋ!

ಏಳುವಾಗ ನನ್ನ ಕಡೆ ತಿರುಗಿ "ನೀವೆಷ್ಟು ತಾಸು ಮಲಗ್ತೀರಿ?" ಅಂದರು. ನಾಲ್ಕು, ಸಾಕಾಗ್ತದೆ ಅಂದೆ. ಊಟ ಎಲ್ಲಿ ಕೂತು ಮಾಡ್ತೀರಿ ಅಂದರು. ಕೂತು ಎಲ್ಲಿ, ಅಡುಗೆ ಕಟ್ಟೆಯ ಹತ್ತಿರ ನಿಂತೇ ಮುಗಿಸ್ತೀನಿ ಅಂದೆ. "ಗಂಡಸರನ್ನ ಯಾರಾದ್ರೂ ಹೆಂಗಸರು ಕೈ ಹಿಡಿದು ಕರ್ಕೊಂಡು ಬರ್ತಾರೆ. ಹೆಂಗಸರು ತಲೆನೋವು, ಸೊಂಟನೋವು ಅಂತ ಎಷ್ಟೋ ವರ್ಷ ಆದ್ಮೇಲೆ ಒಬ್ಬರೇ ಬರ್ತಾರೆ. ನೀವು ಅಷ್ಟು ತಡ ಮಾಡಬೇಡಿ" ಅಂದರು. ನನಗೇನಾಗಿದೆ? ಬಂದಿದ್ದು ಇವರಿಗಾಗಿ.

ಜುಲೈ 10, ಗುರುವಾರ, ಸವಳಂಗ

ತಂಗಿಯ ಮನೆಯಲ್ಲಿ ನಿನ್ನೆ ರಾತ್ರಿ ಒಂಬತ್ತಕ್ಕೆ ಮಲಗಿದವಳು ಬೆಳಿಗ್ಗೆ ಎಂಟಕ್ಕೆ ಎದ್ದೆ. ನಾಚಿಕೆಯಾಯಿತು. ಅರುಣಾ ಇವರನ್ನು ಕೂರಿಸಿಕೊಂಡು ಚಹಾ ಕೊಡುತ್ತಿದ್ದಳು. ನನ್ನನ್ನು ನೋಡಿ, "ಭಾವನಿಗಿಂತ ನಿನ್ನ ಮಾರೀನೇ ಸೊರಗೈತಲ್ಲೇ ಅಕ್ಕ. ಊರಿಗೆಲ್ಲ ಆರೋಗ್ಯ ಹೇಳ್ತೀ, ಕನ್ನಡಿ ನೋಡ್ಕೊಂಡು ಎಷ್ಟು ದಿನ ಆತು?" ಅಂದಳು. ಚಿಕ್ಕವಳಾದರೂ ಬಾಯಿ ದೊಡ್ಡದು. ಎರಡು ದಿನ ಇದ್ದು ಹೋಗಿರಿ ಅಂದಳು. ಹೂಂ ಅಂದೆ.

ಜುಲೈ 19, ಶನಿವಾರ

ಗುಳಿಗೆಗೆ ಹತ್ತು ದಿನ. ಒಬ್ಬರನ್ನೇ ಬಿಡಬಾರದು ಅಂತ ಶಾಲೆಗೆ ರಜೆ ಮುಂದುವರಿಸಿದ್ದೇನೆ. ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ ಅಂತಾರೆ. ಗುಣ ಏನೂ ಕಾಣುತ್ತಿಲ್ಲ. ಡಾಕ್ಟರಮ್ಮನಿಗೆ ಫೋನ್ ಹಚ್ಚಿ ದಬಾಯಿಸಿದೆ. ಶಾಂತವಾಗಿ ಕೇಳಿ, ಇದು ಗೊತ್ತಿರುವುದೇ, ನಿಲ್ಲಿಸಬೇಡಿ ಅಂದರು. ಅಷ್ಟು ಶಾಂತವಾಗಿರಲು ಸಂಬಳ ಕೊಡ್ತಾರೇನೋ.

ರಾತ್ರಿ ಊಟಕ್ಕೆ ಒಬ್ಬರೇ ಕೂತರೆ ತಟ್ಟೆ ನೋಡುತ್ತ ಕೂರುತ್ತಾರೆ. ಅದಕ್ಕೆ ನಾನೂ ತಟ್ಟೆ ಹಾಕಿಕೊಂಡು ಎದುರಿಗೆ ಕೂರುತ್ತೇನೆ. ನಾನು ಒಂದು ತುತ್ತು ತಿಂದರೆ ಅವರೂ ಒಂದು ತಿನ್ನುತ್ತಾರೆ.

ದಿನವೂ ಕೇಳುತ್ತೇನೆ, ಇವತ್ತು ಆ ಯೋಚನೆ ಬಂತಾ ಅಂತ. ಬಂತು ಅಂದರೆ ಪಕ್ಕದಲ್ಲಿ ಕೂರುತ್ತೇನೆ. ಮೊನ್ನೆಯಿಂದ "ಸ್ವಲ್ಪ" ಅಂತಿದ್ದಾರೆ.

ಜುಲೈ 29, ಮಂಗಳವಾರ, ನಾಗರ ಪಂಚಮಿ

ರಕ್ಷಾ ಬಂದಿದ್ದಾಳೆ. ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದೆವು. ಇಬ್ಬರೂ ಅಡುಗೆಮನೆಯಲ್ಲಿದ್ದಾಗ ನಿಜ ಹೇಳಿದೆ. ಅವಳು ಅಳುತ್ತಾಳೆ ಅಂದುಕೊಂಡಿದ್ದೆ. "ನಂಗೆ ಗೊತ್ತಿತ್ತಮ್ಮ. ಗ್ಯಾಸ್ಟ್ರಿಕ್ ಆದವರು ಫೋನಿನ್ಯಾಗೆ ಹಂಗ್ ಮಾತಾಡಲ್ಲ" ಅಂದಳು. ಹೋಗಿ ಅಪ್ಪನ ಪಕ್ಕ ಕೂತು ಕಾಲೇಜಿನ ಕಥೆ ಬಿಚ್ಚಿದಳು. ಇವರು ಹ್ಞೂಂಗುಟ್ಟುತ್ತ ಎರಡು ಉಂಡಿ ತಿಂದರು. ಮೂರನೆಯದಕ್ಕೆ ಕೈ ಹಾಕಿದಾಗ ಬೆಲ್ಲ ಜಾಸ್ತಿಯಾಯಿತು ಅನ್ನಲು ಹೋಗಿ ಸುಮ್ಮನಾದೆ. ತಿನ್ನಲಿ.

ಆಗಸ್ಟ್ 7, ಗುರುವಾರ

ಬೆಳಿಗ್ಗೆ ಮೈದಾನಕ್ಕೆ ಹೋಗುವುದನ್ನು ಬಿಟ್ಟು ಒಂದು ವಾರವಾಯಿತು. ಸುತ್ತಿದ್ದೇ ಸುತ್ತೋದು ಗಾಣದ ಎತ್ತಿನಂಗೆ ಅಂತ ಇವರೇ ಅಂದರು, ನಿಜ ಅನ್ನಿಸಿತು. ಈಗ ಕೆರೆ ಏರಿಯ ಮೇಲೆ ಹೋಗುತ್ತೇವೆ. ಇವರ ನಡಿಗೆ ನಿಧಾನ. ಮೊದಮೊದಲು ನನ್ನ ಕಾಲು ತಾವಾಗಿ ಮುಂದೆ ಓಡುತ್ತಿದ್ದವು. ಈಗ ಅಭ್ಯಾಸವಾಗಿದೆ. ನಿಧಾನ ಹೋದರೆ ಏರಿಯ ಮೇಲೆ ಎಷ್ಟೊಂದು ಹಕ್ಕಿ ಕಾಣುತ್ತವೆ ಮಾರಾಯ!

ಇವತ್ತು ಏರಿಯ ತುದಿಯಲ್ಲಿ ಬೀರಲಿಂಗಪ್ಪನ ಮಂದೆ ಸಿಕ್ಕಿತು. ಅವನು ಏನೂ ಕೇಳಲಿಲ್ಲ. "ಡಾಕ್ಟ್ರೇ, ಇದೊಂದು ಕುಂಟ್ತೈತೆ ನೋಡ್ರಿ" ಅಂದ, ನಿನ್ನೆಯಷ್ಟೇ ಭೇಟಿಯಾದವನ ಹಾಗೆ. ಇವರು ಕೂತು, ಕುರಿಯನ್ನು ಮಂಡಿಯ ನಡುವೆ ಹಿಡಿದು, ಗೊರಸು ಬಿಡಿಸಿ, ಮುಳ್ಳು ತೆಗೆದರು. "ಎಷ್ಟು ದಿನದಿಂದಲೋ ಇದು? ಕಣ್ಣು ಎಲ್ಲಿಟ್ಟಿದ್ದೆ?" ಅಂತ ಅವನಿಗೆ ಜಬರಿಸಿದರು. ಬೈಸಿಕೊಂಡ ಬೀರಲಿಂಗಪ್ಪ ನನ್ನ ಕಡೆ ನೋಡಿ ಹಲ್ಲು ಕಿರಿದ. ಆ ಕುರಿಗೆ ಮುಳ್ಳು ಚುಚ್ಚಿದ್ದು ಇವತ್ತೇ ಅಂತ ಆಮೇಲೆ ನನ್ನ ಕಿವಿಯಲ್ಲಿ ಹೇಳಿದ.

ಹುಡುಗಿಯರನ್ನು ಇವತ್ತು ಸ್ವಲ್ಪ ಬೇಗ ಬಿಟ್ಟೆ. ದಣಿದಿದ್ದವು.

ಆಗಸ್ಟ್ 19, ಮಂಗಳವಾರ

ಗುಳಿಗೆ ಮುಗಿಯುತ್ತ ಬಂದಿತ್ತು. ಹೊನ್ನಾಳಿಗೆ ಹೋಗಲು ಶಾಲೆಗೆ ಮತ್ತೆ ರಜೆ ಹಾಕಬೇಕು. ಡಾಕ್ಟರಮ್ಮನೇ ಜಗಳೂರಿನಲ್ಲಿ ತೋರಿಸಿ ಅಂತ ಚೀಟಿ ಬರೆದು ಮೊಬೈಲಿಗೆ ಕಳಿಸಿದರು. ಇಲ್ಲಿನ ಆಸ್ಪತ್ರೆಯ ಸಾಲಿನಲ್ಲಿ ಕೂತೆವು. ಹಾಲು ಹಾಕುವವಳು ನಿಂತು ಕೇಳಿದಳು, "ಏನಾಗೈತ್ರೀ ಟೀಚರ್?" ಮನಸ್ಸಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ ಅಂದೆ. "ಹೌದಾ? ನಮ್ಮ ಅತ್ತಿಗೂ ಹಂಗೇ ಆಗಿತ್ತು" ಅಂತ ಕ್ಯಾನು ಎತ್ತಿಕೊಂಡು ಹೋದಳು. ಅಷ್ಟೇ. ಇದಕ್ಕೆ ನಾನು ಎರಡು ಬಸ್ಸು ಬದಲಿಸಿದ್ದೆ!

ಕೊಟ್ರಬಸಪ್ಪನವರು ಈಗ ಸಂಜೆ ಮೈದಾನದಲ್ಲಿ ಇವರ ಜೊತೆ ನಡೆಯಲು ಬರುತ್ತಾರೆ. ಇಬ್ಬರು ಗಂಡಸರು, ಮೂರು ಸುತ್ತು, ಆರು ಮಾತು. ನಮ್ಮ ಹೆಂಗಸರ ಗುಂಪು ಅವರನ್ನು ನೋಡಿ ಬಿದ್ದು ಬಿದ್ದು ನಗುತ್ತದೆ. ನಾನೂ ಈಗ ಆ ಗುಂಪಿನ ಜೊತೆಗೇ ನಡೆಯುತ್ತೇನೆ, ಶಿವಗಂಗಮ್ಮ ಹೇಳುವ ಸೊಸೆಯ ಕಥೆ ಅರ್ಧಕ್ಕೆ ನಿಂತಿದೆ. ಹೆಡ್‌ಮಾಸ್ಟರು ಹೆಂಡತಿಗೆ ಕೊನೆಗೂ ವಿಷಯ ಹೇಳಿದರಂತೆ. ಆಕೆ "ಗೊತ್ತು. ನೀವು ಗುಳಿಗೆ ಮರೆತ ದಿನ ಚಹಾದ ಬಟ್ಟಲ ಪಕ್ಕ ಇಟ್ಟೋರು ಯಾರು ಅನ್ಕಂಡಿದ್ರಿ?" ಅಂದರಂತೆ.

ಆಗಸ್ಟ್ 21, ಗುರುವಾರ

ಊಟವಾದ ಮೇಲೆ ಹೇಳಿಯೇಬಿಟ್ಟೆ. ಆ ಕುರ್ಚಿ ಕೆಲಸ ಹಾಕಿಸಿ ತಪ್ಪು ಮಾಡಿದೆ, ನಿಮ್ಮನ್ನು ಒಂದು ಮಾತು ಕೇಳಲಿಲ್ಲ, ಕ್ಷಮಿಸಿ ಅಂದೆ. ನನಗೆ ಕ್ಷಮೆ ಕೇಳಿ ರೂಢಿಯಿಲ್ಲ. "ನೀನ್ ನನ್ನ ಬಿಸಿಲಿಗೆ ಹೆದ್ರಿದ್ದೆ. ಅಷ್ಟೇ ಅಲ್ವಾ" ಅಂದರು. ಸಾಹೇಬರ ಹತ್ತಿರ ಹೋಗಿ ಹಳೆ ಕೆಲಸ ಕೇಳಲಾ ಅಂದೆ. "ಬ್ಯಾಡ, ನಾನೇ ಕೇಳ್ತೀನಿ. ನೀನ್ ಹೋದ್ರೆ ಆ ಮನುಷ್ಯ ಹೆದರಿ ಪ್ರಮೋಷನ್ ಕೊಟ್ಟುಬಿಟ್ಟಾನು" ಅಂದರು.

ಬರೆಯುವಾಗ ಈಗ ನಗು ಬರುತ್ತಿದೆ.

ಆಗಸ್ಟ್ 31, ಭಾನುವಾರ

ಮತ್ತೆ ಬಿದ್ದಿದ್ದಾರೆ. ಚೌತಿ ಹಬ್ಬದ ಗದ್ದಲ ಮುಗಿದ ಮರುದಿನದಿಂದ ಮೂರು ದಿನ ಮಂಚ ಬಿಟ್ಟಿಲ್ಲ. ಗೋಡೆ ಕಡೆ ಮುಖ. ಎಲ್ಲ ಹೋಯಿತು, ಮೊದಲಿನಿಂದ ಶುರು ಅನ್ನಿಸಿತು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಇಂಥ ದಿನ ಬರ್ತಾವೆ, ಮಂಗಳವಾರ ತಪ್ಪದೆ ತೋರಿಸಿ ಅಂದರು.

ಅವರನ್ನು ಎಬ್ಬಿಸಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಕಿ, ತಿಂಡಿ ತಟ್ಟೆ ಹಿಡಿದು ಅಲ್ಲೇ ಕೂತೆ. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ. ಮೈದಾನದ ಸುದ್ದಿ ಹೇಳುತ್ತ ತಿಂದೆ. ಅವರು ತಿರುಗಲಿಲ್ಲ. ಆದರೆ ಮಧ್ಯಾಹ್ನ ಒಂದು ಕೈ ಮಂಚದಿಂದ ಕೆಳಗೆ ಬಂದು ನನ್ನ ತಲೆಯ ಮೇಲೆ ಕೂತಿತು. ಎಷ್ಟೋ ಹೊತ್ತು ಹಾಗೇ ಇತ್ತು. ನನಗೆ ಈ ಮನುಷ್ಯ ಬೇಕು. ಮಾತಾಡದಿದ್ದರೂ ಬೇಕು, ನಡೆಯದಿದ್ದರೂ ಬೇಕು.

ಸೆಪ್ಟೆಂಬರ್ 8, ಸೋಮವಾರ

ವಾರಕ್ಕೆ ಮೂರು ದಿನ ಹಟ್ಟಿ ಸುತ್ತಲು ಸಾಹೇಬರು ಒಪ್ಪಿದ್ದಾರೆ. ಇವತ್ತು ಮೊದಲ ದಿನ. ಸಂಜೆ ರಕ್ಷಾಳ ಜೊತೆ ಫೋನಿನಲ್ಲಿ ಹಿಡಿದ ಮಾತು ಬಿಡಲೇ ಇಲ್ಲ. ನಾನೂ ಮಾತಾಡಬೇಕು ಅಂತ ಕಾದು ಕಾದು ಸಾಕಾಗಿ ನನ್ನ ಪಾಡಿಗೆ ಮಲಗಿಬಿಟ್ಟೆ.

ಸೆಪ್ಟೆಂಬರ್ 14, ಭಾನುವಾರ

ಈ ಗಂಡಸಿಗೆ ಏನು ಹೇಳಲಿ! ಒಂದು ಮಾತು ಕೇಳದೆ ಬೀರಲಿಂಗಪ್ಪನ ಹತ್ತಿರದಿಂದ ಎರಡು ಹೆಣ್ಣು ಕುರಿಮರಿ ತಂದಿದ್ದಾರೆ. ಬೈಕಿನ ಮುಂದೆ ಒಂದು, ತೊಡೆಯ ಮೇಲೆ ಒಂದು. ಸಂಜೆ ನಾಲ್ಕಕ್ಕೆ ಬ್ಯಾ ಬ್ಯಾ ಅಂತ ಮೆರವಣಿಗೆ ಬಂತು. ಅಜ್ಜಮ್ಮ ಓಡಿ ಬಂದು ನೋಡಿದಳು.

ನಾನು ಬಿಡಲಿಲ್ಲ. ಅಂಗಳದಲ್ಲೇ ನಿಂತು ಚೆನ್ನಾಗಿ ಝಾಡಿಸಿದೆ. ಇದೇನು ಕುರಿಹಟ್ಟಿಯಾ? ಮೇವು ತರುವವರು ಯಾರು, ಕಸ ಬಳಿಯುವವರು ಯಾರು? ಇವು ಬೆಳೆದು, ಮರಿ ಹಾಕಿ, ಒಂದು ಲೆಕ್ಕಕ್ಕೆ ಬರಲು ಎರಡು ವರ್ಷ ಬೇಕು. ರಕ್ಷಾ ಓದು ಮುಗಿಸಿ ಎಲ್ಲಿಗೋ ಹೋಗುತ್ತಾಳೆ, ನಾನು ಬೆಳಗಾದರೆ ಶಾಲೆಗೆ ಓಡಬೇಕು. ಅಲ್ಲಿಯವರೆಗೆ ಇವನ್ನು ನೋಡಿಕೊಳ್ಳುವವರು ಯಾರು ಇದ್ದಾರೆ ಅಂತ ಕೂಗಿದೆ.

ಇವರು ಬೇವಿನ ಬುಡಕ್ಕೆ ಹಗ್ಗ ಕಟ್ಟುತ್ತ, ತಲೆ ಎತ್ತದೆ ಅಂದರು: "ಯಾಕೆ, ನಾನಿರ್ತೀನಲ್ಲ."

ಏನಂದ್ರಿ ಅಂದೆ.

"ಕಿವಿ ಕೇಳ್ಸಲ್ವಾ? ನಾನಿರ್ತೀನಿ, ನೋಡ್ಕಂತೀನಿ ಅಂದೆ. ಒಂದು ಹಳೇ ಗೋಣಿಚೀಲ ಇದ್ರೆ ತಾ, ನೆಲ ತಣ್ಣಗೈತೆ" ಅಂದರು.

ಒಳಗೆ ಹೋಗಿ, ಚೀಲ ಹುಡುಕುವ ನೆಪದಲ್ಲಿ ಅಕ್ಕಿ ಡಬ್ಬಿಯ ಹಿಂದೆ ಕೂತು ಮನಸಾರೆ ಅತ್ತೆ. ಆಮೇಲೆ ಮುಖ ತೊಳೆದು, ಎರಡು ಚೀಲ ತಂದು ಕೊಟ್ಟೆ.